ಐವತ್ತು ಗ್ರಾಂ ಬೆಳಕು

ಕರ್ನಾಟಕಕ್ಕೆ ರಾತ್ರಿ ಬರುವುದು ಪೂರ್ವದ ಕಡೆಯಿಂದ, ಅದೂ ಶಬ್ದಕ್ಕಿಂತ ವೇಗವಾಗಿ. ಬೆಂಗಳೂರು, ಮಂಗಳೂರು ಇರುವ 13 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ಮೇಲ್ಮೈ ಗಂಟೆಗೆ ಸುಮಾರು 1,627 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದೆ. ಹಗಲು ಮತ್ತು ಇರುಳಿನ ನಡುವಣ ಗಡಿಯೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ನಮ್ಮ ನೆಲದ ಮೇಲೆ ಪಶ್ಚಿಮಕ್ಕೆ ಸರಿಯುತ್ತದೆ: ಸೆಕೆಂಡಿಗೆ 450 ಮೀಟರ್. ಗಾಳಿಯಲ್ಲಿ ಶಬ್ದ ಸಾಗುವುದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಬೆಂಗಳೂರನ್ನು ದಾಟಿದ ಸಂಜೆಗೆ ಮುನ್ನೂರು ಕಿಲೋಮೀಟರ್ ಆಚೆಯ ಮಂಗಳೂರನ್ನು ಮುಟ್ಟಲು 11 ನಿಮಿಷ ಸಾಕು. ಮುಳಬಾಗಿಲಿನಿಂದ ಕಾರವಾರದವರೆಗೆ ಇಡೀ ರಾಜ್ಯವನ್ನು ಅದು ಸುಮಾರು 17 ನಿಮಿಷಗಳಲ್ಲಿ ದಾಟಿ ಸಮುದ್ರಕ್ಕೆ ಇಳಿಯುತ್ತದೆ.

ಈ ವೇಗಕ್ಕಿಂತ ದೊಡ್ಡ ಅಚ್ಚರಿ ಬೆಳಕಿನ ಇಳಿತದಲ್ಲಿದೆ. ನೆಲಕ್ಕೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಮೇಣದಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಸಿಗುವ ಬೆಳಕು ಸುಮಾರು ಒಂದು ಲಕ್ಸ್. ಮಟಮಟ ಮಧ್ಯಾಹ್ನ ಬಯಲಿಗೆ ಬೀಳುವ ಬಿಸಿಲು ಸುಮಾರು 1,00,000 ಲಕ್ಸ್. ಸೂರ್ಯ ಮುಳುಗುವ ಹೊತ್ತಿಗೆ ಅದು 400ಕ್ಕೆ ಇಳಿದಿರುತ್ತದೆ. ಅಲ್ಲಿಂದ 21 ನಿಮಿಷ ಕಳೆದರೆ ಉಳಿಯುವುದು 3.4 ಲಕ್ಸ್. ಇನ್ನೊಂದು 25 ನಿಮಿಷ ಕಳೆಯಲಿ, 0.008 ಲಕ್ಸ್. ಸುಮಾರು ಮುಕ್ಕಾಲು ಗಂಟೆಯಲ್ಲಿ ಬೆಳಕು 50,000 ಪಟ್ಟು ಕುಸಿದಿದೆ! ನಮ್ಮ ಸೂರ್ಯ ನೆಟ್ಟಗೆ ಮುಳುಗುವುದರಿಂದ ಮುಸ್ಸಂಜೆಗೆ ಬಿಡುವೇ ಇಲ್ಲ. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯ ಓರೆಯಾಗಿ ಇಳಿಯುತ್ತಾನೆ. ನಮ್ಮಲ್ಲಿ 21 ನಿಮಿಷಕ್ಕೆ ಮುಗಿಯುವ ಆ ಮೊದಲ ಹಂತಕ್ಕೆ ಅಲ್ಲಿ 45 ನಿಮಿಷಕ್ಕೂ ಹೆಚ್ಚು ಸಮಯ ಬೇಕು.

ಇದು ಬಯಲಿನ ಲೆಕ್ಕ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಮರಗಳ ನೆತ್ತಿಗೆ ಬಿದ್ದ ಬೆಳಕಿನಲ್ಲಿ ನೆಲ ಮುಟ್ಟುವುದು ನೂರಕ್ಕೆ ಒಂದೋ ಎರಡೋ ಪಾಲು. ಬಯಲಿನಲ್ಲಿ 400 ಲಕ್ಸ್ ಇರುವ ಸೂರ್ಯಾಸ್ತದ ಹೊತ್ತಿಗೆ ಕಾಡಿನ ಕಾಲುದಾರಿಯಲ್ಲಿ ಇರುವುದು ನಾಲ್ಕರಿಂದ ಎಂಟು ಲಕ್ಸ್. ಅಂದರೆ ಬಯಲಿನವರಿಗೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಮೇಲೆ ಬರುವ ಕತ್ತಲು ಕಾಡಿನಲ್ಲಿ ಸೂರ್ಯ ಮುಳುಗುವಾಗಲೇ ಬಂದು ಕೂತಿರುತ್ತದೆ. ಗಡಿಯಾರ ನೋಡಿಕೊಂಡು ಇಳಿಯುವವರು ಮೋಸಹೋಗುವುದು ಇಲ್ಲಿಯೇ.

ಕುಮಾರ ಪರ್ವತದ ಉದಾಹರಣೆ ತೆಗೆದುಕೊಳ್ಳೋಣ. ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ದಾರಿ ಸುಮಾರು 13 ಕಿಲೋಮೀಟರ್, ಏರಬೇಕಾದ್ದು ಸುಮಾರು 1,600 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟಿದ್ದ: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಎಲ್ಲೂ ಕೂರದೆ ನಡೆದರೂ ಹತ್ತಲು ಐದೂಕಾಲು ಗಂಟೆ. ಬೆಳಿಗ್ಗೆ ಎಂಟಕ್ಕೆ ಹೊರಟವರು ಒಂದೂಕಾಲಿಗೆ ಮೇಲಿರುತ್ತಾರೆ. ಬುತ್ತಿ ಬಿಚ್ಚಿ ಉಂಡು, ಒಂದು ಗಂಟೆ ದಣಿವಾರಿಸಿಕೊಂಡು, ನಾಲ್ಕು ಗಂಟೆಯಲ್ಲಿ ಇಳಿದರೆ ಆರೂಕಾಲು. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ. ಗಿರಿಗದ್ದೆಯಿಂದ ಕುಕ್ಕೆಯವರೆಗಿನ ಕೊನೆಯ ಐದಾರು ಕಿಲೋಮೀಟರ್ ಬೇರು ಬಂಡೆಗಳ ದಟ್ಟ ಕಾಡು. ಯಾರಿಗಾದರೂ ಕಾಲು ಉಳುಕಿದರೆ, ಯಾರಾದರೂ ಹಿಂದೆ ಉಳಿದರೆ, ಎಲ್ಲರೂ ಗಟ್ಟಿಮುಟ್ಟಾಗಿದ್ದರೂ ಒಂದು ಗಂಟೆ ತಡವಾದರೆ, ಆ ಕಾಡನ್ನು ಕತ್ತಲಲ್ಲೇ ದಾಟಬೇಕು. ಕತ್ತಲಾದ ಮೇಲೆ ಕಾಡಿನಲ್ಲಿ ನಡೆಯುವ ಯೋಜನೆ ಯಾರೂ ಹಾಕಿಕೊಳ್ಳಬಾರದು, ಸಂರಕ್ಷಿತ ಅರಣ್ಯದಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ಯೋಜನೆ ಕೈಕೊಟ್ಟ ದಿನಕ್ಕಾಗಿಯೇ ಚೀಲದಲ್ಲೊಂದು ಟಾರ್ಚ್ ಇರಬೇಕು.

ಕಣ್ಣಿನ ಲೆಕ್ಕ

"ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಕಣ್ಣು ಕತ್ತಲಿಗೆ ಒಗ್ಗುತ್ತದೆ" ಎಂದು ಹಿರಿಯರು ಹೇಳುವುದುಂಟು. ಆ ಮಾತು ನಿಜ, ಮನುಷ್ಯನ ಕಣ್ಣು ಈ ವಿಷಯದಲ್ಲಿ ಒಂದು ಪವಾಡವೇ. ಪ್ರತಿ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಸುಮಾರು 60 ಲಕ್ಷ, ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡ ಕೋಶಗಳು ಸುಮಾರು 12 ಕೋಟಿ. ಹಗಲಿನಲ್ಲಿ ಎರಡು ಮಿಲಿಮೀಟರಿಗೆ ಕುಗ್ಗುವ ಪಾಪೆ ಕತ್ತಲಲ್ಲಿ ಎಂಟು ಮಿಲಿಮೀಟರಿನಷ್ಟು ಹಿಗ್ಗಿ 16 ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ದಂಡ ಕೋಶಗಳಲ್ಲಿ ಬೆಳಕು ಹಿಡಿಯುವ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳುತ್ತ ಹೋಗಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಕಣ್ಣಿನ ಸೂಕ್ಷ್ಮತೆ ಸುಮಾರು ಲಕ್ಷ ಪಟ್ಟು ಏರುತ್ತದೆ. ಹೆಕ್ಟ್, ಶ್ಲೇರ್ ಮತ್ತು ಪಿರೆನ್ ಎಂಬ ವಿಜ್ಞಾನಿಗಳು 1942ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಕತ್ತಲಿಗೆ ಪೂರ್ತಿ ಒಗ್ಗಿದ ಕಣ್ಣಿನ ಕೋಶಗಳು ಐದರಿಂದ ಹದಿನಾಲ್ಕು ಬೆಳಕಿನ ಕಣಗಳನ್ನು ಹೀರಿಕೊಂಡರೆ ಸಾಕು, ಮಿಂಚೊಂದು ಕಂಡಿತೆಂದು ಮನಸ್ಸಿಗೆ ಗೊತ್ತಾಗುತ್ತದೆ. ನಿಚ್ಚಳ ರಾತ್ರಿಯಲ್ಲಿ ಒಂದು ಮೇಣದಬತ್ತಿಯ ಜ್ವಾಲೆಯನ್ನು ನಮ್ಮ ಕಣ್ಣು ಸುಮಾರು 2.6 ಕಿಲೋಮೀಟರ್ ದೂರದಿಂದ ಗುರುತಿಸಬಲ್ಲದು ಎಂದು 2015ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಅಳೆದು ಲೆಕ್ಕ ಹಾಕಿದ್ದಾರೆ.

ಇಷ್ಟೆಲ್ಲ ಶಕ್ತಿ ಇರುವ ಕಣ್ಣು ಕಾಲುದಾರಿಯಲ್ಲಿ ಯಾಕೆ ಸೋಲುತ್ತದೆ? ಕತ್ತಲಲ್ಲಿ ಬೆಳಕು ಇದೆಯೇ ಇಲ್ಲವೇ ಎಂದು ಹೇಳುವುದು ಬೇರೆ, ಎದುರಿಗಿರುವುದು ಬೇರೋ ಹಾವೋ ಎಂದು ಹೇಳುವುದು ಬೇರೆ. ದಂಡ ಕೋಶಗಳಿಗೆ ಬಣ್ಣ ತಿಳಿಯದು. ಅವುಗಳ ನೋಟದ ಸ್ಪಷ್ಟತೆ ಹಗಲಿನ ನೋಟದ ಹತ್ತನೇ ಒಂದು ಪಾಲಿನಷ್ಟು. ಅದಕ್ಕಿಂತ ವಿಚಿತ್ರವೆಂದರೆ, ನಾವು ನೆಟ್ಟ ದೃಷ್ಟಿಯಿಂದ ನೋಡುವಾಗ ಚಿತ್ರ ಬೀಳುವ ಅಕ್ಷಿಪಟಲದ ನಡುಭಾಗದಲ್ಲಿ ದಂಡ ಕೋಶಗಳೇ ಇಲ್ಲ. ಒಂದು ಡಿಗ್ರಿಗಿಂತ ತುಸು ಹೆಚ್ಚು ಅಗಲದ ಆ ಜಾಗ ಗಾಢ ಕತ್ತಲಲ್ಲಿ ಕುರುಡು. ಮೂರು ಮೀಟರ್ ಮುಂದಿನ ನೆಲದಲ್ಲಿ ಅದು ಆರು ಸೆಂಟಿಮೀಟರ್ ಅಗಲವನ್ನು ಮುಚ್ಚಿಬಿಡುತ್ತದೆ. ಕಲ್ಲಿನ ಮೊನೆಯನ್ನೋ ಸುತ್ತಿಕೊಂಡ ಕಟ್ಟುಹಾವನ್ನೋ ದಿಟ್ಟಿಸಿದಷ್ಟೂ ಅದು ಮಾಯವಾಗುತ್ತದೆ. ಹೀಗೆ ಅರ್ಧ ಗಂಟೆ ಕಾದು ಗಳಿಸಿದ ಸೂಕ್ಷ್ಮತೆಯೂ ಮೊಬೈಲ್ ಪರದೆಯನ್ನು ಒಮ್ಮೆ ಬೆಳಗಿಸಿ ಗಂಟೆ ಎಷ್ಟೆಂದು ನೋಡಿದರೆ ಬಹುಪಾಲು ಕರಗಿಹೋಗುತ್ತದೆ.

ಬೆಳದಿಂಗಳನ್ನು ನೆಚ್ಚೋಣವೆಂದರೆ ಅದರ ಲೆಕ್ಕವೂ ನಮ್ಮ ಕಡೆಗಿಲ್ಲ. ಹುಣ್ಣಿಮೆಯ ಚಂದ್ರ ಸೂರ್ಯನಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂದ, ನೆಲದ ಮೇಲೆ ಅವನ ಬೆಳಕು ಸುಮಾರು ಕಾಲು ಲಕ್ಸ್. ಅರ್ಧಚಂದ್ರನೆಂದರೆ ಅರ್ಧ ಬೆಳಕಾದರೂ ಇರಬೇಕೆಂದು ನಾವು ಎಣಿಸುತ್ತೇವೆ, ಇರುವುದು ಹುಣ್ಣಿಮೆಯ ಹತ್ತನೇ ಒಂದರಷ್ಟು. ಮರದ ಮರೆಯಲ್ಲಿ ಅದರಲ್ಲೂ ನೂರಕ್ಕೆ ಎರಡು ಪಾಲು. ಚಂದ್ರನಿಲ್ಲದ ರಾತ್ರಿ ನಕ್ಷತ್ರಗಳಿಂದ ಬಯಲಿಗೆ ಸಿಗುವ ಬೆಳಕು ಒಂದು ಲಕ್ಸಿನ ಸಾವಿರದ ಒಂದು ಪಾಲು, ಕಾಡಿನ ನೆಲಕ್ಕೆ ಅದೂ ಇಲ್ಲ.

ಹೆಜ್ಜೆಯ ಲೆಕ್ಕ

ಐದು ಕಿಲೋಮೀಟರ್ ಇಳಿಜಾರು, ಹೆಜ್ಜೆಗೆ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ 8,300 ಹೆಜ್ಜೆ. ನಾವು ನಡೆಯುವಾಗ ಮುಂದಕ್ಕೆ ಬೀಸುವ ಪಾದದ ಹೆಬ್ಬೆರಳು ನೆಲದಿಂದ ಎಷ್ಟು ಎತ್ತರದಲ್ಲಿ ಹಾಯುತ್ತದೆ ಗೊತ್ತೇ? ಸಮತಟ್ಟಾದ ನೆಲದಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಅಷ್ಟೇ. ದೇಹ ಶಕ್ತಿ ಉಳಿಸಲು ಪಾದವನ್ನು ಅಷ್ಟು ಕೆಳಗೇ ತೇಲಿಸುತ್ತದೆ. ದಾರಿಯಲ್ಲಿ ಎರಡೂವರೆ ಸೆಂಟಿಮೀಟರ್ ಎತ್ತರದ ಬೇರು ಇದ್ದರೆ ಅದನ್ನು ಮೊದಲೇ ಕಂಡು ಕಾಲೆತ್ತಬೇಕು. ಒರಟು ನೆಲದಲ್ಲಿ ನಡೆಯುವವರ ಕಣ್ಣಿನ ಚಲನೆಯನ್ನು ದಾಖಲಿಸಿದ ವಿಜ್ಞಾನಿಗಳು ಕಂಡದ್ದು ಇದನ್ನೇ: ನೆಲ ಎಂಥದೇ ಇರಲಿ, ನಮ್ಮ ನೋಟ ಸುಮಾರು ಒಂದೂವರೆ ಸೆಕೆಂಡ್ ಮುಂದಿನ ಜಾಗದ ಮೇಲಿರುತ್ತದೆ. ಎರಡು ಮೂರು ಹೆಜ್ಜೆ ಮುಂದೆ ಇಡಬೇಕಾದ ಪಾದಕ್ಕೆ ಈಗಲೇ ಜಾಗ ಗೊತ್ತುಮಾಡುತ್ತ ಹೋಗುವುದೇ ನಡಿಗೆ. 8,300 ಹೆಜ್ಜೆಗಳಲ್ಲಿ 8,299 ಸರಿ ಬಿದ್ದು ಒಂದೇ ಒಂದು ತಪ್ಪಿದರೂ ಮಣಿಕಟ್ಟು ಮುರಿಯಬಹುದು, ಹಿಮ್ಮಡಿಯ ಗೆಣ್ಣು ಹೊರಳಬಹುದು. ಆಮೇಲೆ ಉಳಿದ ದಾರಿಯನ್ನು ಜೊತೆಯವರು ಹೊತ್ತು ದಾಟಿಸಬೇಕು.

ಆದ್ದರಿಂದ ಟಾರ್ಚು ಬೆಳಗಬೇಕಾದ್ದು ದೂರದ ಗುಡ್ಡವನ್ನಲ್ಲ, ಮೂರು ಮೀಟರ್ ಮುಂದಿನ ನೆಲವನ್ನು. ಹಿಡಿಯುವ ಎತ್ತರದಲ್ಲೂ ಒಂದು ಲೆಕ್ಕವಿದೆ. ಮೂರು ಮೀಟರ್ ದೂರದ ಎರಡು ಸೆಂಟಿಮೀಟರ್ ಕಲ್ಲಿನ ಮೇಲೆ ಸೊಂಟದೆತ್ತರದಿಂದ ಬೆಳಕು ಬಿಟ್ಟರೆ ಹಿಂದೆ ಆರು ಸೆಂಟಿಮೀಟರ್ ನೆರಳು ಬೀಳುತ್ತದೆ. ಮೊಣಕಾಲಿನೆತ್ತರಕ್ಕೆ ಇಳಿಸಿದರೆ ನೆರಳು ಹನ್ನೆರಡು ಸೆಂಟಿಮೀಟರ್, ಕಲ್ಲಿನ ಎತ್ತರದ ಆರು ಪಟ್ಟು. ಹಣೆಗೆ ಕಟ್ಟುವ ದೀಪ ಎರಡೂ ಕೈಗಳನ್ನು ಬಿಡುವಾಗಿಡುತ್ತದೆ, ಹಗ್ಗ ಹಿಡಿಯಲು, ಗಾಯಕ್ಕೆ ಪಟ್ಟಿ ಕಟ್ಟಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಣ್ಣು ಮತ್ತು ದೀಪ ಎರಡೂ ಒಂದೇ ಎತ್ತರದಲ್ಲಿದ್ದರೆ ನೆರಳೆಲ್ಲ ಕಲ್ಲಿನ ಹಿಂದೆಯೇ ಅಡಗಿ ನೆಲ ಸಪಾಟಾಗಿ ಕಾಣುತ್ತದೆ. ಇಳಿಜಾರಿನಲ್ಲಿ ಕೈಯಲ್ಲಿ ತಗ್ಗಿಸಿ ಹಿಡಿದ ಟಾರ್ಚು ತಗ್ಗು ದಿಣ್ಣೆಗಳನ್ನು ಬಿಡಿಸಿ ತೋರಿಸುತ್ತದೆ.

ಒಂದು ಸೆಲ್ಲಿನ ರಾತ್ರಿ

ಈಗ ಆ ಪುಟ್ಟ ವಸ್ತುವಿನ ಲೆಕ್ಕಕ್ಕೆ ಬರೋಣ. ಗೋಡೆ ಗಡಿಯಾರಕ್ಕೆ ಹಾಕುವ ಎಎ ಅಳತೆಯ ಒಂದು ಆಲ್ಕಲೈನ್ ಸೆಲ್ ತೂಗುವುದು ಸುಮಾರು 23 ಗ್ರಾಂ. ಒಂದೇ ಸೆಲ್ ಹಾಕುವ ಬೆರಳುದ್ದದ ಟಾರ್ಚು ಸೆಲ್ ಸಮೇತ ಸುಮಾರು 50 ಗ್ರಾಂ. ಹತ್ತು ಕಿಲೋ ಚೀಲದಲ್ಲಿ ಅದು ಇನ್ನೂರರಲ್ಲಿ ಒಂದು ಪಾಲು.

ಆ ಸೆಲ್ಲಿನೊಳಗಿನ ವಿದ್ಯುತ್ ಶಕ್ತಿ ಸುಮಾರು ಮೂರು ವ್ಯಾಟ್-ಗಂಟೆ. ಆಹಾರದ ಭಾಷೆಯಲ್ಲಿ ಹೇಳುವುದಾದರೆ ಎರಡೂವರೆ ಕಿಲೋಕ್ಯಾಲರಿ ಚಿಲ್ಲರೆ, ಒಂದು ಚಿಟಿಕೆ ಸಕ್ಕರೆಯಲ್ಲಿರುವಷ್ಟು. ಗುಡ್ಡದ ದಾರಿಯಲ್ಲಿ ನಡೆಯುವವರ ದೇಹ ಗಂಟೆಗೆ ಮುನ್ನೂರು ನಾನೂರು ಕಿಲೋಕ್ಯಾಲರಿ ಸುಡುತ್ತದೆ. ಅಂದರೆ ನಾವು ಅರ್ಧ ನಿಮಿಷದ ನಡಿಗೆಗೆ ಖರ್ಚು ಮಾಡುವ ಶಕ್ತಿಯಷ್ಟೇ ಆ ಸೆಲ್ಲಿನಲ್ಲಿದೆ. ಅಷ್ಟರಿಂದ ಎಷ್ಟು ಹೊತ್ತಿನ ಬೆಳಕು? ದೀಪ ಹೊಮ್ಮಿಸುವ ಒಟ್ಟು ಬೆಳಕಿನ ಮಾನ ಲ್ಯೂಮೆನ್. ವ್ಯಾಟಿಗೆ 80 ಲ್ಯೂಮೆನ್ ಕೊಡುವ ಸಾಧಾರಣ ಎಲ್‌ಇಡಿ ಎಂದಿಟ್ಟುಕೊಂಡರೂ ಒಟ್ಟು 240 ಲ್ಯೂಮೆನ್-ಗಂಟೆ. ಕಾಲುದಾರಿ ಕಾಣಲು ಸಾಕಾಗುವ ಎಂಟು ಲ್ಯೂಮೆನ್ ಮಟ್ಟದಲ್ಲಿ ಉರಿಸಿದರೆ ಮೂವತ್ತು ಗಂಟೆ! ನಮ್ಮ ಅತಿ ದೀರ್ಘ ಚಳಿಗಾಲದ ರಾತ್ರಿ ಹದಿಮೂರು ಗಂಟೆ ಮೀರುವುದಿಲ್ಲ. 23 ಗ್ರಾಂ ಸೆಲ್ಲಿನಲ್ಲಿ ಎರಡು ಪೂರ್ತಿ ರಾತ್ರಿಗಳ ಬೆಳಕಿದೆ.

ಇದು ಮೊದಲಿನಿಂದ ಹೀಗಿರಲಿಲ್ಲ. ಒಂದು ಮೇಣದಬತ್ತಿ ಗಂಟೆಗೆ ಸುಮಾರು ಏಳು ಗ್ರಾಂ ಮೇಣ ಸುಟ್ಟು, 80 ವ್ಯಾಟಿನಷ್ಟು ಶಾಖ ಚೆಲ್ಲಿ, ಕೊಡುವ ಬೆಳಕು 12 ಲ್ಯೂಮೆನ್ ಮಾತ್ರ. ಅಷ್ಟೇ ಬೆಳಕಿಗೆ ಎಲ್‌ಇಡಿಗೆ ಬೇಕಾದ್ದು 0.15 ವ್ಯಾಟ್, ಐನೂರರಲ್ಲಿ ಒಂದು ಪಾಲಿಗೂ ಕಡಿಮೆ. ಕರಾವಳಿ, ಮಲೆನಾಡುಗಳಲ್ಲಿ ಯಕ್ಷಗಾನ ಮುಗಿಸಿ ಮನೆಗೆ ಮರಳುವವರು ಹಿಡಿಯುತ್ತಿದ್ದ ತೆಂಗಿನ ಗರಿಯ ಸೂಡಿಯನ್ನು ಬೀಸುತ್ತಲೇ ನಡೆಯಬೇಕಿತ್ತು, ನಿಂತರೆ ಅದು ನಂದುತ್ತಿತ್ತು. ಲಾಟೀನಿನ ಬೆಳಕು ಸುತ್ತಲೂ ಹರಡಿ ಮೊದಲು ಹಿಡಿದವರ ಕಣ್ಣನ್ನೇ ಕೋರೈಸುತ್ತಿತ್ತು. 1899ರ ಜನವರಿ 10ರಂದು ಡೇವಿಡ್ ಮಿಸೆಲ್ ಎಂಬಾತನಿಗೆ ಅಮೆರಿಕದಲ್ಲಿ ಕೈದೀಪದ ಪೇಟೆಂಟ್ ಸಿಕ್ಕಿತು, ಸಂಖ್ಯೆ 6,17,592. ಕೊಳವೆಯಲ್ಲಿ ಸಾಲಾಗಿ ಕೂರಿಸಿದ ಒಣ ಸೆಲ್‌ಗಳು, ತುದಿಯಲ್ಲೊಂದು ಬಲ್ಬು, ಹಿಂದೊಂದು ಪ್ರತಿಫಲಕ. ಆ ಕಾಲದ ಸೆಲ್‌ಗಳು ಎಷ್ಟು ದುರ್ಬಲವೆಂದರೆ ಗುಂಡಿಯನ್ನು ಒತ್ತಿ ಒತ್ತಿ ಬಿಡುತ್ತ ಮಿಣುಕು ಮಿಣುಕಾಗಿ ಬಳಸಬೇಕಿತ್ತು. ಟಾರ್ಚಿನ ಹಳೆಯ ಬಲ್ಬುಗಳ ಆಯುಷ್ಯ ಹತ್ತಾರು ಗಂಟೆ, ಎಲ್‌ಇಡಿಯದು ಹತ್ತಾರು ಸಾವಿರ ಗಂಟೆ. ಈ ನೆಗೆತಕ್ಕೆ ಕಾರಣವಾದದ್ದು ನೀಲಿ ಬೆಳಕಿನ ಎಲ್‌ಇಡಿ. ಅದರ ಮೇಲೆ ಹಳದಿ ಹೊಳಪಿನ ಲೇಪನ ಬಳಿದರೆ ಬಿಳಿ ಬೆಳಕು ಸಿಗುತ್ತದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಟಾರ್ಚಿನ ಗಾಜಿನ ಹಿಂದೆ ಬೆಳಗುವ ಎಲ್‌ಇಡಿ ಚಿಪ್‌ನ ಅಗಲ ಸುಮಾರು ಒಂದು ಮಿಲಿಮೀಟರ್.

ಒಂದು ಮಿಲಿಮೀಟರಿನಿಂದ ಹೊರಡುವುದೇನು? ನೂರು ಲ್ಯೂಮೆನ್ ಮಟ್ಟದಲ್ಲಿ ಸೆಕೆಂಡಿಗೆ ಹೊಮ್ಮುವ ಬೆಳಕಿನ ಕಣಗಳನ್ನು ಬರೆಯಲು ಒಂದರ ಮುಂದೆ ಹೆಚ್ಚುಕಡಿಮೆ ಹದಿನೆಂಟು ಸೊನ್ನೆ ಬೇಕು. ಹತ್ತು ಹದಿನೈದು ಕಣ ಸಾಕೆನ್ನುವ ಕಣ್ಣಿಗೆ ಇದು ಅಕ್ಷಯ ನಿಧಿ. ಸಣ್ಣ ಟಾರ್ಚಿನ ಕಿರಣದ ನಡುಭಾಗದ ತೀವ್ರತೆ 2,500 ಕ್ಯಾಂಡೆಲಾ, ಅಂದರೆ ಸುಮಾರು 2,500 ಮೇಣದಬತ್ತಿಗಳಷ್ಟು ಇದ್ದರೆ, ಒಂದು ಮೀಟರ್ ದೂರದಲ್ಲಿ 2,500 ಲಕ್ಸ್, ಹತ್ತು ಮೀಟರಿಗೆ 25, ನೂರು ಮೀಟರಿಗೆ ಕಾಲು ಲಕ್ಸ್. ಆ ಕಾಲು ಲಕ್ಸ್ ಎಂದರೆ ಹುಣ್ಣಿಮೆಯ ಬೆಳದಿಂಗಳು. ಟಾರ್ಚುಗಳ ಅಳತೆಗಾಗಿ 2009ರಲ್ಲಿ ಅಮೆರಿಕದಲ್ಲಿ ರೂಪಿಸಿದ ಮಾನದಂಡವೂ ಇದನ್ನೇ ಗೆರೆಯಾಗಿಟ್ಟುಕೊಂಡಿದೆ: ಕಿರಣ ಯಾವ ದೂರದಲ್ಲಿ ಹುಣ್ಣಿಮೆಯ ಮಟ್ಟಕ್ಕೆ ಇಳಿಯುತ್ತದೋ ಅದೇ ಆ ಟಾರ್ಚು ಮುಟ್ಟುವ ದೂರ. ಚಂದ್ರನಿಲ್ಲದ ಕಾಡಿನಲ್ಲಿ ಮೂರು ಮೀಟರ್ ಮುಂದಿನ ನೆಲಕ್ಕೆ ಈ ಟಾರ್ಚು ಕೊಡುವ ಬೆಳಕು ಅಲ್ಲಿ ಮೊದಲಿದ್ದ ಬೆಳಕಿನ ಒಂದು ಕೋಟಿ ಪಟ್ಟಿಗೂ ಹೆಚ್ಚು.

ಒಂಬತ್ತು ನಿಮಿಷಕ್ಕೊಂದು ಸಾವು

ಇಲ್ಲಿಯವರೆಗಿನ ಅಂಕಿಗಳು ಬೆರಗು ಹುಟ್ಟಿಸುವಂಥವು. ಈಗ ಹೇಳುವುದು ಎದೆ ನಡುಗಿಸುವಂಥದ್ದು. 2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ದಿನಕ್ಕೆ 159. ಒಂಬತ್ತು ನಿಮಿಷಕ್ಕೆ ಒಬ್ಬರು. ಇವರಲ್ಲಿ ಅರ್ಧದಷ್ಟು ಜನ ಸತ್ತದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಬಹುಪಾಲು ಹಳ್ಳಿಗಳಲ್ಲಿ.

ಈ ಸಾವುಗಳೆಲ್ಲ ಟಾರ್ಚಿನಿಂದ ತಪ್ಪುವಂಥವಲ್ಲ. ಹಗಲು ಗದ್ದೆಯಲ್ಲಿ ಕಚ್ಚಿಸಿಕೊಂಡವರಿದ್ದಾರೆ, ನೆಲದ ಮೇಲೆ ಮಲಗಿದ್ದಾಗ ಕಚ್ಚಿಸಿಕೊಂಡವರಿದ್ದಾರೆ. ಆದರೆ ನಮ್ಮ ನಾಲ್ಕು ಮುಖ್ಯ ವಿಷದ ಹಾವುಗಳಲ್ಲಿ ಕಟ್ಟುಹಾವು ಪೂರ್ತಿ ಇರುಳಿನ ಹಾವು. ಕೊಳಕುಮಂಡಲ ಮತ್ತು ಗರಗಸಮಂಡಲ ಹೆಚ್ಚಾಗಿ ಓಡಾಡುವುದೂ ಕತ್ತಲಾದ ಮೇಲೆಯೇ. ಕೊಳಕುಮಂಡಲ ಜನ ಬಂದರೆಂದು ಸರಿದು ಹೋಗುವ ಬದಲು ಬಿದ್ದಲ್ಲೇ ಬಿದ್ದಿರುತ್ತದೆ, ಒಣಗಿದ ಎಲೆಗಳ ನಡುವೆ ಅದರ ಕಂದು ಚಿತ್ತಾರ ಕಲಸಿಹೋಗುತ್ತದೆ. ಅದು ಕಚ್ಚುವುದು ಕಾಲು ಮೇಲೆ ಬಿದ್ದಾಗ ಇಲ್ಲವೇ ಪಕ್ಕದಲ್ಲಿ ಬಿದ್ದಾಗ. ಚಿರತೆ, ಜಿಂಕೆ, ಕಾಡುಬೆಕ್ಕುಗಳ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರವಿದೆ, ಟಾರ್ಚು ಬಿಟ್ಟರೆ ಅವು ಎಷ್ಟೋ ದೂರದಿಂದ ಹೊಳೆದು ತಮ್ಮ ಇರವನ್ನು ತಿಳಿಸುತ್ತವೆ. ಹಾವಿಗೆ ಆ ಪದರವಿಲ್ಲ, ಅದರ ಕಣ್ಣು ಹೊಳೆದು ಎಚ್ಚರಿಸುವುದಿಲ್ಲ. ಮುಂದಿನ ಹೆಜ್ಜೆ ಇಡುವ ಜಾಗವನ್ನೇ ಬೆಳಗಿ ಅದರ ಮೈಯನ್ನು ಕಣ್ಣಾರೆ ಕಾಣಬೇಕು.

ಈ ಮಾತು ಚಾರಣಿಗರಿಗಿಂತ ಹೆಚ್ಚಾಗಿ ಹೊಲ ತೋಟದವರಿಗೆ ಸಲ್ಲುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ಬದುವಿನ ಮೇಲೆ ನಡೆದುಹೋಗುವ ರೈತರು, ಅಡಿಕೆ ತೋಟಕ್ಕೆ ನೀರು ಬಿಡುವವರು, ಬಯಲಿಗೆ ಹೋಗುವ ಹೆಂಗಸರು, ಕಬ್ಬು ಕಡಿಯುವ ಕೂಲಿಗಳು ವರ್ಷದ ನೂರಾರು ರಾತ್ರಿ ಈ ನೆಲದ ಮೇಲೆ ಕಾಲಿಡುತ್ತಾರೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಈ ಸಾವುಗಳನ್ನು 2030ರ ಹೊತ್ತಿಗೆ ಅರ್ಧಕ್ಕೆ ಇಳಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ, ಭಾರತದ ಕ್ರಿಯಾ ಯೋಜನೆಯ ಗುರಿಯೂ ಅದೇ. ಪ್ರತಿವಿಷ ಬೇಕು, ಆಸ್ಪತ್ರೆ ಬೇಕು, ವಾಹನ ಬೇಕು. ಕಚ್ಚಿದ ಮೇಲೆ ಕಟ್ಟು ಬಿಗಿಯದೆ, ಕೊಯ್ಯದೆ, ನಾಟಿ ಮದ್ದಿಗೆ ಕಾಯದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಕಚ್ಚುವುದಕ್ಕೆ ಮೊದಲು ಮಾಡಬಹುದಾದ ಕೆಲಸಗಳಲ್ಲಿ ಗಟ್ಟಿ ಬೂಟು ಮತ್ತು ಕೈಯಲ್ಲೊಂದು ಬೆಳಕಿಗಿಂತ ಸುಲಭವಾದದ್ದು ಇನ್ನೊಂದಿಲ್ಲ.

ಕೂಗು ಮುಟ್ಟದ ಕಡೆ

ದಾರಿ ತಪ್ಪಿದವರ ಕೂಗು ಕಾಡಿನಲ್ಲಿ ಕೆಲವು ನೂರು ಮೀಟರ್ ಹೋಗಿ ಅಡಗುತ್ತದೆ. ಬೆಳಕಿನ ಲೆಕ್ಕ ಬೇರೆ. ಒಂದು ಮೇಣದಬತ್ತಿ 2.6 ಕಿಲೋಮೀಟರಿಗೆ ಕಾಣುವುದಾದರೆ, ಅದರ 2,500 ಪಟ್ಟು ತೀವ್ರತೆಯ ಕಿರಣ ಐವತ್ತು ಪಟ್ಟು ದೂರಕ್ಕೆ, ಅಂದರೆ 130 ಕಿಲೋಮೀಟರಿಗೆ ಕಾಣಬೇಕು. ಇದು ಕಾಗದದ ಮೇಲಿನ ಲೆಕ್ಕ, ಗಾಳಿಯ ತೇವ, ದೂಳು, ಮಂಜು, ಅಡ್ಡ ಬರುವ ಗುಡ್ಡಗಳು ಅದನ್ನು ಬಹಳಷ್ಟು ಕಡಿತ ಮಾಡುತ್ತವೆ. ಆದರೂ ತೆರೆದ ಬೋಳುಗುಡ್ಡದ ಮೇಲಿಂದ ಬಿಟ್ಟ ಬೆಳಕು ಐದಾರು ಕಿಲೋಮೀಟರ್ ಆಚೆಯ ಊರಿಗೆ ಕಾಣುವುದು ಕಷ್ಟವಲ್ಲ.

ಕಂಡ ಬೆಳಕು ಸಹಾಯದ ಕರೆ ಎಂದು ತಿಳಿಯಬೇಕಲ್ಲ, ಅದಕ್ಕೊಂದು ಲಿಪಿ ಇದೆ. ಲಂಡನ್ನಿನ ಆಲ್ಪೈನ್ ಕ್ಲಬ್ಬಿನ ಕ್ಲಿಂಟನ್ ಡೆಂಟ್ 1894ರಲ್ಲಿ ಸೂಚಿಸಿದ ಪದ್ಧತಿ ಇಂದಿಗೂ ಪರ್ವತಗಳಲ್ಲಿ ಚಾಲ್ತಿಯಲ್ಲಿದೆ. ಒಂದು ನಿಮಿಷದಲ್ಲಿ ಆರು ಸಲ, ಅಂದರೆ ಹತ್ತು ಸೆಕೆಂಡಿಗೊಮ್ಮೆ ಬೆಳಕು ಬಿಡಬೇಕು. ಆಮೇಲೆ ಒಂದು ನಿಮಿಷ ಸುಮ್ಮನಿರಬೇಕು. ಮತ್ತೆ ಆರು ಸಲ. ಕಂಡವರು ನಿಮಿಷಕ್ಕೆ ಮೂರು ಸಲ ಬೆಳಗಿ ಉತ್ತರ ಕೊಡಬೇಕು. ಪ್ರತಿ ಸಲ ಒಂದು ಸೆಕೆಂಡ್ ಬೆಳಗಿದರೆ ಎರಡು ನಿಮಿಷದಲ್ಲಿ ದೀಪ ಉರಿಯುವುದು ಆರೇ ಸೆಕೆಂಡ್, ಇಪ್ಪತ್ತರಲ್ಲಿ ಒಂದು ಪಾಲು. ಪೂರ್ಣ ಪ್ರಖರತೆಯಲ್ಲಿ ಎರಡು ಗಂಟೆ ಬರುವ ಸೆಲ್ ಹೀಗೆ ಬಳಸಿದರೆ ನಲವತ್ತು ಗಂಟೆ ಕರೆಯುತ್ತಲೇ ಇರಬಲ್ಲದು.

ಮೊಬೈಲಿನಲ್ಲೇ ಟಾರ್ಚ್ ಇದೆಯಲ್ಲ ಎನ್ನುವವರು ಬಹಳ. ಅದರ ಬೆಳಕು ಅಗಲಕ್ಕೆ ಚೆಲ್ಲಿಹೋಗುತ್ತದೆ, ನಾಲ್ಕಾರು ಮೀಟರ್ ಆಚೆಗೆ ಉಪಯೋಗವಿಲ್ಲ. ಮಳೆಯಲ್ಲಿ ಅದನ್ನು ಹೊರತೆಗೆಯುವಂತಿಲ್ಲ, ಕೈಜಾರಿ ಬಂಡೆಗೆ ಬಿದ್ದರೆ ದೀಪ, ನಕ್ಷೆ, ಫೋನು ಮೂರೂ ಒಟ್ಟಿಗೆ ಹೋಗುತ್ತವೆ. ಘಟ್ಟದ ಕಣಿವೆಗಳಲ್ಲಿ ನೆಟ್‌ವರ್ಕ್ ಹುಡುಕುತ್ತಲೇ ಅದರ ಬ್ಯಾಟರಿ ಕರಗಿರುತ್ತದೆ. ಆ ಬ್ಯಾಟರಿ ಉಳಿಯಬೇಕಾದ್ದು 112ಕ್ಕೆ ಕರೆ ಮಾಡಲು, ಇದ್ದ ಜಾಗವನ್ನು ಹೇಳಲು. ದೀಪ ಬೇರೆ, ಫೋನು ಬೇರೆ ಇರಲಿ.

ಚೀಲಕ್ಕೆ ಯಾವುದು?

ಅಂಗಡಿಯಲ್ಲಿ ಡಬ್ಬದ ಮೇಲಿನ ದೊಡ್ಡ ಲ್ಯೂಮೆನ್ ಅಂಕಿಗೆ ಮರುಳಾಗಬೇಡಿ. ಬೆಳಕಿನ ಮಟ್ಟ ಕಡಿಮೆ ಮಾಡುವ ಸೌಲಭ್ಯ ಇದೆಯೇ ಎಂದು ಮೊದಲು ನೋಡಿ, ರಾತ್ರಿಯಿಡೀ ಕಾಯುವುದು ಆ ಕಡಿಮೆ ಮಟ್ಟವೇ. ಮಾನದಂಡದ ಪ್ರಕಾರ ಬರೆದ "ಇಷ್ಟು ಗಂಟೆ" ಎಂಬ ಅವಧಿ ಬೆಳಕು ಆರಂಭದ ಹತ್ತನೇ ಒಂದಕ್ಕೆ ಇಳಿಯುವವರೆಗಿನದು, ಅಷ್ಟೂ ಹೊತ್ತು ಅದೇ ಪ್ರಖರತೆ ಇರುವುದಿಲ್ಲ. ನೀರು ತಡೆಯುವ ಗುರುತನ್ನು ನೋಡಿ: ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ, ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ. ಘಟ್ಟದ ಮಳೆಗೆ ಎರಡನೆಯದೇ ಬೇಕು. ಹಳ್ಳಿಯ ಅಂಗಡಿಯಲ್ಲೂ ಸಿಗುವ ಸೆಲ್ ಹಾಕುವಂಥದ್ದಾದರೆ ಚಾರ್ಜಿಂಗಿನ ಚಿಂತೆ ಇಲ್ಲ. ಒಂದು ಸೆಲ್ ಹೆಚ್ಚಿಗೆ ಇಟ್ಟುಕೊಳ್ಳಿ, ಇನ್ನೊಂದು 23 ಗ್ರಾಂ ಅಷ್ಟೇ. ಬಳಸದೆ ಇಡುವಾಗ ಸೆಲ್ಲನ್ನು ಹೊರತೆಗೆದಿಡಿ, ಚೀಲದೊಳಗೆ ಗುಂಡಿ ಒತ್ತಿಹೋಗಿ ಖಾಲಿಯಾಗುವುದು, ಸೆಲ್ ಸೋರಿ ಒಳಗೆ ತುಕ್ಕು ಹಿಡಿಯುವುದು ಎರಡೂ ತಪ್ಪುತ್ತವೆ. ಗುಂಪಿನಲ್ಲಿ ಹೋಗುವಾಗ ನಾಯಕನ ಬಳಿ ಒಂದಿದ್ದರೆ ಸಾಲದು, ತಲೆಗೊಂದು ಬೇಕು. ದಾರಿ ತಪ್ಪುವವರು ನಾಯಕನ ಪಕ್ಕದಲ್ಲಿರುವುದಿಲ್ಲ.

ಬಳಸುವಾಗಲೂ ಕೆಲವು ಎಚ್ಚರಗಳಿವೆ. ಎದುರಿನವರ ಮುಖಕ್ಕೆ ಬಿಡಬೇಡಿ, ಅವರ ಅರ್ಧ ಗಂಟೆಯ ಕಣ್ಣನ್ನು ಒಂದು ಸೆಕೆಂಡಿನಲ್ಲಿ ಕಸಿದಂತಾಗುತ್ತದೆ. ಆನೆಯೋ ಕಾಟಿಯೋ ಕಂಡರೆ ಅದರ ಕಣ್ಣಿಗೆ ಬೆಳಕು ಹಿಡಿದು ನಿಲ್ಲಬೇಡಿ, ನೆಲಕ್ಕೆ ತಗ್ಗಿಸಿ ಸದ್ದಿಲ್ಲದೆ ಹಿಂದೆ ಸರಿಯಿರಿ. ಶಿಬಿರದಲ್ಲಿ ನಕ್ಷೆ ಓದಲು ಮಂದ ಕೆಂಪು ಬೆಳಕು ಒಳ್ಳೆಯದು, ದಂಡ ಕೋಶಗಳಿಗೆ ಕಡುಗೆಂಪು ಹೆಚ್ಚುಕಡಿಮೆ ಕಾಣದೇ ಇರುವುದರಿಂದ ಕತ್ತಲಿಗೆ ಒಗ್ಗಿದ ನೋಟ ಉಳಿಯುತ್ತದೆ.

ಕತ್ತಲಿನ ಲೆಕ್ಕವೆಲ್ಲ ಲಕ್ಷ ಕೋಟಿಗಳಲ್ಲಿದೆ. ಅದನ್ನು ಎದುರಿಸುವ ವಸ್ತುವಿನ ತೂಕ ಐವತ್ತು ಗ್ರಾಂ, ಬೆಲೆ ಕೆಲವು ನೂರು ರೂಪಾಯಿ. ನಾವು ಹೊರಗೆ ಹೊತ್ತೊಯ್ಯುವ ಯಾವ ವಸ್ತುವೂ ಇಷ್ಟು ಕಡಿಮೆ ತೂಕಕ್ಕೆ ಇಷ್ಟು ಹೆಚ್ಚಿನದನ್ನು ಕೊಡುವುದಿಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳುವ ತಿರುಗಾಟವೆಂದು ಅದನ್ನು ಮನೆಯಲ್ಲಿ ಬಿಡಬೇಡಿ, ಕತ್ತಲಿಗೆ ಸಿಕ್ಕಿಬೀಳುವುದು ಹೆಚ್ಚಾಗಿ ಹಗಲೇ ಮರಳುತ್ತೇವೆಂದು ಹೊರಟವರು. ಈ ವಾರವೇ ಒಂದು ಸಣ್ಣ ಟಾರ್ಚು ಕೊಳ್ಳಿ, ಚೀಲದ ಒಳಗುಂಡಿಗೆ ದಾರದಿಂದ ಕಟ್ಟಿಬಿಡಿ, ಮನೆಗೆ ಬಂದ ಮೇಲೂ ಬಿಚ್ಚಬೇಡಿ. ಮತ್ತೊಂದನ್ನು ಕೊಂಡು, ರಾತ್ರಿ ಹೊಲಕ್ಕೆ ಹೋಗುವವರು ನಿಮ್ಮ ಮನೆಯಲ್ಲೋ ಊರಲ್ಲೋ ಇದ್ದರೆ ಅವರ ಕೈಗೆ ಕೊಡಿ.